ಯಾರೂ ನೋಡದ ಸಿನಿಮಾದ ಹಾಡುಗಳು

ಆ ವರ್ಷ ನಾವು ಕೆಲಸ ಮಾಡುವ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಿನಿಮಾದ ಆರು ಹಾಡುಗಳು ತಿರುತಿರುಗಿ ಕೇಳಿಸುತ್ತಿದ್ದವು. ಮಲಾಡ್‌ನ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿ. ಅಲ್ಲಿ ನಾವು ಹದಿನಾಲ್ಕು ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು, ಇಮಿಟೇಶನ್ ಝುಮಕಿಗಳಿಗೆ ಅಂಟು ಹಚ್ಚಿ ಹರಳು ಕೂರಿಸುತ್ತಿದ್ದೆವು. ಕಣ್ಣು, ಕೈ ಎರಡೂ ಕೆಲಸದಲ್ಲಿ. ಕಿವಿ ಮಾತ್ರ ಖಾಲಿ. ಕಿಟಕಿಯ ಮೇಲಿಟ್ಟಿದ್ದ ಸಣ್ಣ ಸ್ಪೀಕರಿನಿಂದ ಆ ಹಾಡುಗಳು ಬಂದು ಅದನ್ನು ತುಂಬಿಸುತ್ತಿದ್ದವು.

ನಮ್ಮ ಕೋಣೆಯಲ್ಲಿ ಅಷ್ಟೇ ಅಲ್ಲ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಾಲೇಜಿನ ಹುಡುಗಿಯರು ಅವನ್ನೇ ಹಾಡುತ್ತಿದ್ದರು. ನಾವಿರುವ ಚಾಳಿನ ವಠಾರದ ಗಣಪತಿಯ ಮುಂದೆ ಮಕ್ಕಳು ಅವಕ್ಕೇ ಕುಣಿದರು. ಸಿನಿಮಾ ಮಾತ್ರ ಮೇ ತಿಂಗಳಲ್ಲಿ ಬಂದು ಒಂದೇ ವಾರಕ್ಕೆ ಹೋಗಿತ್ತು. ಎಷ್ಟೋ ಜನಕ್ಕೆ ಹಾಗೊಂದು ಸಿನಿಮಾ ಇತ್ತೆಂಬುದೇ ಗೊತ್ತಿರಲಿಲ್ಲ. ಯಾರೋ ಪಾಪ್ ಗಾಯಕರು ಮಾಡಿದ ಆಲ್ಬಮ್ ಎಂದೇ ತಿಳಿದಿದ್ದರು. ಒಂದು ದಿನ ನನ್ನ ಪಕ್ಕ ಕೂರುವ, ನಾವೆಲ್ಲ ಮಾವಶಿ ಎಂದು ಕರೆಯುವ ಹಿರಿಯ ಮರಾಠಿ ಹೆಂಗಸು ಎಲ್ಲರನ್ನೂ ಕೇಳಿದಳು, ಈ ಪಿಕ್ಚರ್ ನೋಡಿದವರು ಯಾರಾದರೂ ಇದ್ದೀರಾ ಎಂದು. ಹದಿನಾಲ್ಕು ಜನರಲ್ಲಿ ಒಬ್ಬರೂ ಇರಲಿಲ್ಲ.

ಅದೇ ವಾರದ ಭಾನುವಾರ ನಾನು ಮತ್ತು ನನ್ನ ಗಂಡ ಕಾಂದಿವಲಿಯ ನಮ್ಮ ಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದೆವು. ಅವರು ಎಸಿ ರಿಪೇರಿ ಮಾಡುವ ಮೆಕ್ಯಾನಿಕ್. ವಿಜಯಪುರದ ಕಡೆಯಿಂದ ಹದಿನೆಂಟನೇ ವಯಸ್ಸಿಗೆ ಮುಂಬೈಗೆ ಬಂದವರು. ಎಂಟು ವರ್ಷದ ಮಗಳು ಫೋನಿನಲ್ಲಿ ಆ ಸಿನಿಮಾದ ಎಲ್ಲಕ್ಕಿಂತ ಹೆಸರಾದ ಹಾಡು ಹಾಕಿದಳು. ನಾಯಕಿ ಹಳದಿ ಲಂಗ ತೊಟ್ಟು ಮಹಡಿಯ ಮೇಲೆ ಇಪ್ಪತ್ತು ಜನರ ಜೊತೆ ಕುಣಿಯುವ ವೀಡಿಯೊ ಅದು. ಅವರು ತಲೆ ಎತ್ತದೆಯೇ ಹೇಳಿದರು:

"ಸಿನಿಮಾದಾಗ ಈ ಹಾಡಿಗೆ ಆಕಿ ಕುಣಿಯಂಗೇ ಇಲ್ಲ. ದವಾಖಾನ್ಯಾಗ ಬಾಕಿನ ಮ್ಯಾಲ ಕುಂತಿರ್ತಾಳ. ಕೈಯಾಗ ಅಪ್ಪನ ಚಪ್ಪಲಿ ಇರ್ತಾವು."

ನನ್ನ ಕೈ ನಿಂತಿತು. "ನೀವು ಯಾವಾಗ ನೋಡಿದ್ರಿ?"

"ನಾ ಎಲ್ಲಿ ನೋಡ್ಲಿ? ಫೋನ್ನಾಗ ಬಂದಿತ್ತು."

ಆ ಸಂಜೆ ಅವರು ಹಾಲು ತರಲು ಹೋದಾಗ ಮಗಳಿಗೆ ಹೇಳಿ ಫೋನಿನಲ್ಲಿ ಹುಡುಕಿಸಿದೆ. ಕುಣಿತದ ವೀಡಿಯೊ ನೂರು ಸಿಕ್ಕವು. ಆಸ್ಪತ್ರೆ, ಬೆಂಚು, ಚಪ್ಪಲಿ ಎಲ್ಲಿಯೂ ಇರಲಿಲ್ಲ.

ಅನುಮಾನ ಒಮ್ಮೆ ಒಳಗೆ ಬಂದರೆ ಹಿಂದಿನದನ್ನೆಲ್ಲ ಕೆದಕತೊಡಗುತ್ತದೆ. ಮೇ ತಿಂಗಳ ಒಂದು ವಾರ ಅವರ ಅಂಗಿಗೆ ಬೆಣ್ಣೆಯ ವಾಸನೆ ಇದ್ದದ್ದು ನೆನಪಾಯಿತು. ಕೇಳಿದ್ದಕ್ಕೆ ಹೋಟೆಲಿನಲ್ಲಿ ಪಾವ್ ಭಾಜಿ ತಿಂದೆ ಎಂದಿದ್ದರು. ಅದಕ್ಕಿಂತ ಹೆಚ್ಚಿನದು ಇನ್ನೊಂದು: ಆ ಹಾಡು ಊರಿಗೆಲ್ಲ ತಲುಪುವ ಮೊದಲೇ ಅವರ ಬಾಯಲ್ಲಿತ್ತು. ಸ್ನಾನ ಮಾಡುವಾಗ ಗುನುಗುತ್ತಿದ್ದರು. ಎಂದೂ ಹಾಡದ ಮನುಷ್ಯ ಇದೇನು ಹಾಡುತ್ತಿದ್ದಾರೆ ಎಂದು ನಾನು ನಕ್ಕಿದ್ದೆ. ಈಗ ನಗು ಬರಲಿಲ್ಲ. ಮರುದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಅವರ ಹತ್ಯಾರದ ಬ್ಯಾಗನ್ನು ಪೂರ್ತಿ ಬರಿದು ಮಾಡಿದೆ. ಪಾನಾ, ಇಕ್ಕಳ, ಟೇಪು. ತಳದ ಮೂಲೆಯಲ್ಲಿ ಕಲ್ಲಿನಂತಾಗಿದ್ದ ಎರಡು ಪಾಪ್‌ಕಾರ್ನ್.

ಎಲ್ಲವನ್ನೂ ಇದ್ದ ಹಾಗೆಯೇ ತುಂಬಿಟ್ಟೆ. ಎರಡು ದಿನ ಬಿಟ್ಟು, ಊಟಕ್ಕೆ ಕೂತಾಗ ರೊಟ್ಟಿ ಹಾಕುತ್ತ, ಏನೂ ಅಲ್ಲವೆಂಬಂತೆ ಕೇಳಿದೆ: "ಆ ಪಿಕ್ಚರ್‌ದಾಗ ವಿಲನ್ ಯಾರ‍್ರೀ?"

"ವಿಲನ್ ಇಲ್ಲ ಅದ್ರಾಗ," ಅಂದರು. ಅಂದವರೇ ಅಗಿಯುವುದನ್ನು ನಿಲ್ಲಿಸಿದರು.

"ಅಂದ್ರ ನೋಡೀರಿ."

"ಯಾರೋ ಹೇಳಿದ್ರು." ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದು, ನಳಕ್ಕೆ ನೀರು ಬಂದಿದೆಯೇ ನೋಡುತ್ತೇನೆಂದು ಹೊರಗೆ ಹೋದರು. ಆ ಹೊತ್ತಿಗೆ ನಮ್ಮಲ್ಲಿ ನೀರು ಬರುವುದೇ ಇಲ್ಲ.

ಮಾವಶಿಗೆ ಹೇಳಬಾರದಿತ್ತು. ಹೇಳಿದೆ. ಅವಳು ಝುಮಕಿಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ಅಕೇಲಾ ಕೋಯೀ ಪಿಕ್ಚರ್ ದೇಖ್ತಾ ಹೈ ಕ್ಯಾ?" ಒಬ್ಬನೇ ಯಾರಾದರೂ ಸಿನಿಮಾ ನೋಡುತ್ತಾರೆಯೇ? ಅದು ನನಗೂ ಹೊಳೆದಿದ್ದ ಮಾತೇ. ಆ ದಿನ ನಾನು ಕೂರಿಸಿದ ಹರಳುಗಳಲ್ಲಿ ಎಷ್ಟೋ ಸೊಟ್ಟಗಾದವು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಹೊರಟೆ. ದಾದರಿನಲ್ಲಿ ಗಾಡಿ ಬದಲಿಸಿ ಬೈಕುಲ್ಲಾಕ್ಕೆ ಹೋದೆ. ಗಂಡ ಕೆಲಸ ಮಾಡುವ ಸೇಠ್‌ನ ವರ್ಕ್‌ಶಾಪ್ ಇರುವುದು ಅಲ್ಲಿನ ಒಂದು ಗಲ್ಲಿಯಲ್ಲಿ. ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ನಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಹಳೆಯ ಎಸಿಗಳ ತಗಡಿನ ಡಬ್ಬಿಗಳು ರಾಶಿ ಬಿದ್ದಿದ್ದವು. ಸೇಠ್ ವಯಸ್ಸಾದವರು, ಮೇಜಿನ ಹಿಂದೆ ಕೂತು ತಟ್ಟೆಗೆ ಸುರಿದುಕೊಂಡು ಚಹಾ ಕುಡಿಯುತ್ತಿದ್ದರು. ಮನೆಯ ಚಾವಿ ಗಂಡನ ಹತ್ತಿರ ಉಳಿದುಬಿಟ್ಟಿದೆ ಎಂದು ಸುಳ್ಳು ಹೇಳಿದೆ. ಗಂಡ ಥಾಣೆ ಊರಿನ ಒಂದು ಆಫೀಸಿಗೆ ರಿಪೇರಿಗೆ ಹೋಗಿದ್ದಾರೆ, ಫೋನ್ ಮಾಡಲೇ ಎಂದರು ಸೇಠ್. ಬೇಡವೆಂದೆ. ಹಾಗೆಂದು ಹೊರಡಲೂ ಇಲ್ಲ. ಸೆರಗಿನ ತುದಿ ತಿರುಚುತ್ತ, ಮೇ ತಿಂಗಳಲ್ಲಿ ಅವರಿಗೆ ಕೆಲಸ ಎಲ್ಲಿತ್ತು ಎಂದು ಕೇಳಿಯೇಬಿಟ್ಟೆ.

ಸೇಠ್ ತಟ್ಟೆ ಕೆಳಗಿಟ್ಟರು. ನನ್ನ ಪ್ರಶ್ನೆ ಚಾವಿಯದ್ದಲ್ಲ ಎಂದು ಅವರಿಗೆ ತಿಳಿದುಹೋಗಿತ್ತು. ಆದರೂ ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಉಪನಗರದ ಒಂದು ಮಾಲಿನ ಸಿನಿಮಾ ಹಾಲ್. ಅಲ್ಲಿನ ಮೂರು ಪರದೆಗಳಲ್ಲಿ ಒಂದರಲ್ಲಿ ತಂಪು ನಿಲ್ಲುತ್ತಿರಲಿಲ್ಲ. ಓಡುವ ಸಿನಿಮಾಗಳನ್ನು ಉಳಿದೆರಡಕ್ಕೆ ಹಾಕಿ, ಓಡದ ಈ ಸಿನಿಮಾವನ್ನು ಕೆಟ್ಟ ಎಸಿಯ ಹಾಲಿಗೆ ತಳ್ಳಿದ್ದರು. ದೋಷ ಎಲ್ಲಿದೆ ಎಂದು ತಿಳಿಯಬೇಕಾದರೆ ಆಟ ನಡೆಯುವಾಗಲೇ ಒಳಗೆ ಕೂತು, ಸೀಟಿನಿಂದ ಸೀಟಿಗೆ ಹೋಗಿ ಥರ್ಮಾಮೀಟರ್ ನೋಡಬೇಕು. ನಾಲ್ಕು ದಿನ ಮ್ಯಾಟಿನಿಗೆ ನನ್ನ ಗಂಡ ಮಾಡಿದ್ದು ಅದನ್ನೇ.

"ಅವರ ಜೊತೆ ಯಾರಿದ್ದರು?" ಮೇಜಿನ ಮೇಲಿನ ತಟ್ಟೆಯನ್ನು ನೋಡುತ್ತ ಕೇಳಿದೆ.

ಸೇಠ್ ಜೋರಾಗಿ ನಕ್ಕರು. "ಭಾಭೀ, ಉಸ್ ಪಿಕ್ಚರ್ ಮೇಂ ತೋ ಕೋಯೀ ಥಾ ಹೀ ನಹೀಂ!" ಆ ಸಿನಿಮಾಕ್ಕೆ ಯಾರೂ ಬಂದೇ ಇರಲಿಲ್ಲವಂತೆ. ಒಂದು ದಿನ ಐದು ಜನ, ಒಂದು ದಿನ ಮೂವರು. ಉಳಿದ ಪಾಪ್‌ಕಾರ್ನನ್ನು ಹಾಲಿನವರು ಮೆಕ್ಯಾನಿಕ್‌ಗೇ ಕೊಡುತ್ತಿದ್ದರಂತೆ.

ನಾಚಿಕೆಯಾಯಿತು. ಆದರೆ ಹಿಂದಿರುಗುವ ಗಾಡಿಯಲ್ಲಿ, ಅಂಧೇರಿ ದಾಟುವಷ್ಟರಲ್ಲಿ, ಅನುಮಾನ ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿತ್ತು. ಕೆಲಸದ ಮೇಲೆ ನೋಡಿದ್ದಾದರೆ ಮುಚ್ಚಿಟ್ಟದ್ದೇಕೆ? ಪಾವ್ ಭಾಜಿಯ ಸುಳ್ಳೇಕೆ?

ಅವತ್ತು ಸಂಜೆ ಅವರು ಬಂದು ಬೂಟು ಬಿಚ್ಚುವ ಮೊದಲೇ ಎಲ್ಲವನ್ನೂ ಹೇಳಿದೆ, ಬೈಕುಲ್ಲಾಕ್ಕೆ ಹೋದದ್ದನ್ನೂ. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಹೊಸ್ತಿಲ ಮೇಲೆ ಕೂತರು.

"ಲಗ್ನ ಆಗಿ ಹನ್ನೊಂದ್ ವರ್ಷ ಆತು. ಒಂದ ಪಿಕ್ಚರ್ ತೋರಿಸಿಲ್ಲ ನಿನಗ. ನೀ ಅಲ್ಲಿ ನೆಲದ ಮ್ಯಾಲ ಕುಂತು ಕಣ್ಣು ಕಳಕೊಳ್ಳಾಕತ್ತಿ. ನಾ ಮೆತ್ತನ್ನ ಕುರ್ಚಿದಾಗ ಕುಂತು ಪಾಪ್‌ಕಾರ್ನ್ ತಿಂದು ನಾಕ್ ಸಲ ಪಿಕ್ಚರ್ ನೋಡೇನಿ ಅಂತ ಯಾವ ಬಾಯಿಲೆ ಹೇಳ್ಲಿ?"

ಮಗಳು ಮಂಚದಿಂದ ಧುಮುಕಿ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಪಪ್ಪಾ, ಸ್ಟೋರಿ ಬತಾವೋ ನಾ!"

ಅವರು ಮೊದಲು ನನ್ನ ಮುಖ ನೋಡಿದರು. ನಾನೂ ಹೇಳಿರಿ ಎಂದೆ. ಊಟ ಮಾಡುತ್ತ, ಊಟವಾದ ಮೇಲೂ, ಅವರು ಆ ಸಿನಿಮಾವನ್ನು ಮೊದಲಿನಿಂದ ಹೇಳಿದರು. ಬಸ್ ಡ್ರೈವರನೊಬ್ಬನ ಮಗಳು. ಹಾಡುಗಾರ್ತಿಯಾಗುವ ಹಂಬಲ. ಅಪ್ಪನಿಗೆ ಅದು ಇಷ್ಟವಿಲ್ಲ. ಅಪ್ಪನಿಗೆ ಹುಷಾರು ತಪ್ಪಿ ಆಸ್ಪತ್ರೆಗೆ ಸೇರಿಸುತ್ತಾರೆ, ಅವಳು ಬಾಕಿನ ಮೇಲೆ ಚಪ್ಪಲಿ ಹಿಡಿದು ಕೂತಿರುತ್ತಾಳೆ. ಆಮೇಲೆ ಅಪ್ಪ ಗುಣವಾಗಿ ಮನೆಗೆ ಬರುತ್ತಾನೆ. ಮಗಳ ದೊಡ್ಡ ಕಾರ್ಯಕ್ರಮಕ್ಕೆ ಬಂದು ಮೊದಲ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಾನೆ. ನಮ್ಮ ಮಗಳು ಮಂಚದ ಮೇಲೆ ನಿಂತು ತಾನೂ ಚಪ್ಪಾಳೆ ಹೊಡೆದಳು.

ಇಷ್ಟು ಚೆನ್ನಾಗಿದ್ದ ಸಿನಿಮಾ ಯಾಕೆ ಓಡಲಿಲ್ಲ ಎಂದು ಮಾತ್ರ ನನಗೆ ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಆ ಸಿನಿಮಾ ಫೋನಿಗೆ ಬಂತು. ಒಂದು ಭಾನುವಾರ ಮಧ್ಯಾಹ್ನ ಮಗಳು ಹೊರಗೆ ಆಡುತ್ತಿದ್ದಳು. ನಾನೊಬ್ಬಳೇ ಗೋಡೆಗೆ ಒರಗಿ ಕೂತು ನೋಡಿದೆ. ಅವರು ಹೇಳಿದ್ದೆಲ್ಲ ಸರಿಯಾಗಿತ್ತು, ಆಸ್ಪತ್ರೆಯ ಬಾಕಿನವರೆಗೆ. ಕುಣಿಯುವ ಹಾಡನ್ನು ಅಲ್ಲಿ ನಿಧಾನವಾಗಿ, ಬರೀ ಒಂದು ಹೆಣ್ಣು ದನಿಯಲ್ಲಿ ಹಾಡಿಸಿದ್ದರು. ಹಾಡು ಮುಗಿಯುವ ಹೊತ್ತಿಗೆ ನರ್ಸ್ ಬಂದು ನಾಯಕಿಯ ಹೆಗಲ ಮೇಲೆ ಕೈಯಿಟ್ಟಳು. ಅಪ್ಪ ಹೋಗಿದ್ದ. ಮುಂದಿನ ಅರ್ಧ ಗಂಟೆ ಅವಳು ಯಾರ ಮುಂದೆಯೂ ಹಾಡಲಿಲ್ಲ. ಸಿನಿಮಾ ಹಾಗೆಯೇ ಮುಗಿಯಿತು.

ನನ್ನ ಅಪ್ಪ ತೀರಿಕೊಂಡಿದ್ದು ಅದೇ ವರ್ಷದ ಜನವರಿಯಲ್ಲಿ, ಇಲ್ಲೇ ಒಂದು ಆಸ್ಪತ್ರೆಯಲ್ಲಿ. ಎರಡು ರಾತ್ರಿ ಮೂರು ಹಗಲು ನಾನು ಬಾಗಿಲ ಹೊರಗೆ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದವರು ನನ್ನ ಗಂಡ. ಸಿನಿಮಾ ಬಂದದ್ದು ಮೇ ತಿಂಗಳಲ್ಲಿ. ಆಗಿನ್ನೂ ನಾನು ಊಟದ ನಡುವೆ ಎದ್ದು ಹೋಗಿ ಅಳುತ್ತಿದ್ದ ದಿನಗಳು.

ಸಿನಿಮಾ ಮುಗಿದಾಗ ಅವರು ಮನೆಯ ಬಾಗಿಲಲ್ಲಿ ನಿಂತು ಒಣಗಿದ ಬಟ್ಟೆ ಮಡಚುತ್ತಿದ್ದರು. "ಕೊನೀಗೆ ಅಪ್ಪ ಸಾಯ್ತಾನಲ್ರೀ," ಅಂದೆ.

"ಹೌದೇನು? ನಾ ಕೊನೀ ನೋಡೇ ಇಲ್ಲ. ಅಷ್ಟೊತ್ತಿಗೆ ಮಾಳಗಿ ಮ್ಯಾಲಿನ ಮಷಿನ್ ನೋಡಾಕ ಹೋಗಬೇಕಾಗ್ತಿತ್ತು."

"ನಾಕೂ ದಿನ?"

"ನಾಕೂ ದಿನ."

ನನ್ನ ಕಡೆ ನೋಡಲಿಲ್ಲ. ಮಡಚಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದರು. ನಾನು ಅವರ ಮಾತನ್ನು ನಂಬಲಿಲ್ಲ. ಹೊಸ್ತಿಲ ಮೇಲೆ ಕೂತು ಹೇಳಿದ್ದ ಕಾರಣವೂ ಪೂರ್ತಿ ನಿಜವಿರಲಿಕ್ಕಿಲ್ಲ ಎಂದು ಆಗ ಮೊದಲ ಸಲ ಅನಿಸಿತು. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಕೇಳಲಿಲ್ಲ.

ಅಷ್ಟರಲ್ಲಿ ಮಗಳು ಬೆವರಿಕೊಂಡು ಓಡಿ ಬಂದು ಫೋನ್ ನೋಡಿದಳು. "ಮಮ್ಮೀ, ಪೂರೀ ದೇಖ್ ಲೀ? ವೋ ಪಪ್ಪಾ ತಾಲೀ ಬಜಾತಾ ಹೈ ಕ್ಯಾ?" ಪೂರ್ತಿ ನೋಡಿದೆಯಾ, ಆ ಅಪ್ಪ ಚಪ್ಪಾಳೆ ತಟ್ಟುತ್ತಾನಾ ಎಂದು.

"ಹೂಂ," ಅಂದೆ. "ಎಲ್ಲಾರಕಿಂತ ಮೊದಲ ಚಪ್ಪಾಳಿ ಹೊಡಿತಾನ."

ನನ್ನ ಗಂಡ ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗಿ, ಕಪಾಟಿನ ಬಾಗಿಲು ತೆರೆದು ತುಂಬ ಹೊತ್ತು ಅದರ ಮರೆಯಲ್ಲೇ ನಿಂತಿದ್ದರು.