ಬಕೆಟ್ ತುಂಬುವ ಹೊತ್ತು

ನಮ್ಮ ಬಚ್ಚಲಿನ ಬಕೆಟ್ ತುಂಬಲು ಇಪ್ಪತ್ತೈದು ನಿಮಿಷ ಬೇಕಾಗುತ್ತಿತ್ತು. ಗಡಿಯಾರ ಹಿಡಿದು ನೋಡಿದ್ದೇನೆ, ಒಂದಲ್ಲ, ನಾಲ್ಕು ಬೆಳಿಗ್ಗೆ. ಕುಂದಲಹಳ್ಳಿಯ ಒಳಗಲ್ಲಿಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ತಲೆಯ ಮೇಲೆಯೇ ಟ್ಯಾಂಕು, ನಲ್ಲಿಯಲ್ಲಿ ಮಾತ್ರ ದಾರದಷ್ಟು ನೀರು. ಟ್ಯಾಂಕ್ ಹತ್ತಿರ ಇದ್ದಷ್ಟೂ ಪ್ರೆಷರ್ ಕಡಿಮೆ ಎಂದು ಕೆಳಮನೆಯವರಿಂದ ಹಿಡಿದು ಆಫೀಸಿನ ಗೆಳತಿಯರವರೆಗೆ ಎಲ್ಲರೂ ನನಗೆ ಪಾಠ ಮಾಡಿದರು. ಗೊತ್ತು ಮಹಾರಾಯರೇ, ನಾನೂ ಶಾಲೆಗೆ ಹೋದವಳೇ. ಹೋದ ವರ್ಷ ಇದೇ ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತಿತ್ತಲ್ಲ, ಅದಕ್ಕೇನು ಹೇಳುತ್ತೀರಿ ಎಂದರೆ ಮತ್ತೆ ಅದೇ ಪಾಠ.

ಬರೀ ನನ್ನ ಸ್ನಾನದ ಮಾತಾಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಎರಡು ತಿಂಗಳ ಹಿಂದೆ ಅವ್ವ ನನ್ನ ಜೊತೆ ಇರಲು ಬಂದಿದ್ದಳು. ಅವ್ವನಿಗೆ ಸಕ್ಕರೆ ಕಾಯಿಲೆ. ಸ್ನಾನ, ಆಮೇಲೆ ಲಿಂಗಪೂಜೆ, ಆಮೇಲೆಯೇ ನಾಷ್ಟಾ. ಇದು ಅವಳು ಮದುವೆಯಾಗುವ ಮೊದಲಿನಿಂದಲೂ ನಡೆದುಬಂದ ಕ್ರಮ. ಒಂದು ಬುಧವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಹತ್ತೂಮುಕ್ಕಾಲಿಗೆ ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅವ್ವ ನೆಲದ ಮೇಲೆ ಕುಳಿತು ಬೆವರುತ್ತಿದ್ದಳು, ಖಾಲಿ ಹೊಟ್ಟೆಗೆ ಸಕ್ಕರೆ ಇಳಿದುಹೋಗಿತ್ತು. ಬಾಯಿಗೆ ಎರಡು ಚಮಚ ಸಕ್ಕರೆ ಹಾಕಿದೆ. ಇನ್ನೂ ಸ್ನಾನವೇ ಆಗಿರಲಿಲ್ಲ. ಮೊದಲು ನನ್ನ ಬಕೆಟ್, ಆಮೇಲೆ ಪಾತ್ರೆಗೆ, ಬಟ್ಟೆಗೆ ಎರಡೆರಡು ಬಕೆಟ್, ಕೊನೆಗೆ ಅವಳದು. ರಾತ್ರಿಯೇ ಬಕೆಟ್ ತುಂಬಿಟ್ಟರೆ "ನಿನಗ ಬಸ್ ಐತಿ, ಮೊದಲ ನೀ ಮುಗಿಸು" ಎಂದು ಅದನ್ನೂ ನನ್ನ ಕಡೆಗೇ ತಳ್ಳುತ್ತಿದ್ದಳು. ತಿಂದು ಸ್ನಾನ ಮಾಡು ಎಂದರೆ ಕೇಳುವ ಜೀವವಲ್ಲ. ನಲ್ಲಿಯೇ ಸರಿಯಾಗಬೇಕಿತ್ತು.

ಪ್ಲಂಬರ್ ಬಂದ. ನಲ್ಲಿಯ ತುದಿಯ ಜಾಲರಿ ಬಿಚ್ಚಿ, ಕಟ್ಟಿಕೊಂಡಿದ್ದ ಬಿಳಿ ಉಪ್ಪನ್ನು ಅಂಗೈಯಲ್ಲಿ ಉದುರಿಸಿ ತೋರಿಸಿದ.

"ಬೋರ್ ನೀರು ಮೇಡಂ. ಇದೇ ಪ್ರಾಬ್ಲಂ, ಇನ್ನು ನೋಡ್ತಾ ಇರಿ."

ನೋಡುತ್ತಲೇ ಇದ್ದೆ. ಏನೂ ಬದಲಾಗಲಿಲ್ಲ. ಎರಡನೇ ಸಲ ಬಂದವನು ಪೈಪಿನೊಳಗೆ ಗಾಳಿ ಸೇರಿಕೊಂಡಿದೆ ಎಂದು ಬಾಯಿಟ್ಟು ಊದಿದ. ಮೂರನೇ ಸಲ, ನಾಲ್ಕು ದಿನ ಕಾಯಿಸಿ ಬಂದು, ತಾರಸಿಯ ಮೆಟ್ಟಿಲ ಕಡೆಗೊಮ್ಮೆ ನೋಡಿ ಅವ್ವನನ್ನು ಕೇಳಿದ:

"ಅಜ್ಜಿ, ಮೇಲೆ ಟ್ಯಾಂಕ್ ಹತ್ರ ವಾಲ್ವ್ ಓಪನ್ ಇದ್ಯಾ?"

"ತೆರದೈತಿ ತಗೋಪಾ. ನಾ ದಿನಾ ಅರಿವಿ ಒಣಹಾಕಾಕ ಹೋಗ್ತೀನಲ್ಲ, ನೋಡೀನಿ."

ಹತ್ತುವುದು ತಪ್ಪಿದ್ದಕ್ಕೆ ಅವನಿಗೂ ಖುಷಿಯೇ. "ಹಂಗಾದ್ರೆ ಪ್ರೆಷರ್ ಪಂಪೇ ಹಾಕಿಸ್ಬೇಕು ಮೇಡಂ" ಎಂದು ತೀರ್ಪು ಕೊಟ್ಟು ಹೋದ. ಮನೆ ಮಾಲೀಕರಿಗೆ ಫೋನ್ ಮಾಡಿದೆ. "ಇಡೀ ಬಿಲ್ಡಿಂಗ್‌ನಲ್ಲಿ ನಿಮ್ಗೊಬ್ರಿಗೇ ಪ್ರಾಬ್ಲಂ ಕಣ್ರೀ" ಎಂದರು. ಪಂಪು ಬೇಕಾದರೆ ನಾನೇ ಹಾಕಿಸಿಕೊಳ್ಳಬೇಕಂತೆ. ಅವತ್ತು ಫೋನನ್ನು ಗೋಡೆಗೆ ಎಸೆಯದೆ ಉಳಿಸಿಕೊಂಡಿದ್ದೇ ನನ್ನ ದೊಡ್ಡಸ್ತಿಕೆ.

ಶನಿವಾರ ಬೆಳಿಗ್ಗೆ, ಪಂಪು ಇಡಲು ಜಾಗ ನೋಡೋಣವೆಂದು ತಾರಸಿಗೆ ಹೋದೆ. ಅಲ್ಲಿ ಪ್ರತಿ ಮನೆಗೂ ಒಂದೊಂದು ಕಪ್ಪು ಟ್ಯಾಂಕು. ನಮ್ಮ ಟ್ಯಾಂಕಿನ ಮುಂದೆ ಅವ್ವ ಬಗ್ಗಿ ನಿಂತು, ವಾಲ್ವಿನ ದುಂಡು ಹಿಡಿಯನ್ನು ಎರಡೂ ಕೈಯಿಂದ ತಿರುಗಿಸುತ್ತಿದ್ದಳು.

"ಏನ್ ಮಾಡಾಕತ್ತೀ ಅವ್ವ?"

"ಏನಿಲ್ಲ. ಸಡ್ಲ ಆಗಿತ್ತು, ಒಂದೀಟು ಬಿಗಿ ಮಾಡಿದೆ."

ನಾನೇ ತಿರುಗಿಸಿ ನೋಡಿದೆ. ತೆರೆಯುವ ಕಡೆಗೆ ಒಂದು ಸುತ್ತು, ಎರಡು, ಮೂರು, ನಾಲ್ಕು. ಅಷ್ಟನ್ನೂ ಮುಚ್ಚಿಟ್ಟಿದ್ದಳು ಮಹಾತಾಯಿ! ನಮ್ಮೂರಿನಲ್ಲಿ ನಲ್ಲಿ ನೀರು ಬರುವುದು ಎಂಟು ಹತ್ತು ದಿನಕ್ಕೊಮ್ಮೆ. ಅಲ್ಲಿ ಎಲ್ಲ ಮನೆಯ ಹೆಂಗಸರೂ ವಾಲ್ವನ್ನು ಹೀಗೆ ಬಿಗಿ ಮಾಡಿ, ಸಣ್ಣಗೆ ಬಿಟ್ಟುಕೊಂಡು ದಿನ ದೂಡುತ್ತಾರೆ. ದಾರದಷ್ಟು ನೀರು ಅವ್ವನ ಕಣ್ಣಿಗೆ ಕೊರತೆಯಾಗಿ ಕಂಡೇ ಇರಲಿಲ್ಲ.

"ಪ್ಲಂಬರ್‌ಗೆ ತೆರದೈತಿ ಅಂತ ಯಾಕ ಸುಳ್ಳ ಹೇಳಿದಿ?" ಎಂದು ಕೂಗಿದೆ.

"ಸುಳ್ಳೆಲ್ಲೈತಿ? ಪೂರಾ ಮುಚ್ಚಿಲ್ಲಲ್ಲ."

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೂರು ಸಲ ಪ್ಲಂಬರ್, ಮಾಲೀಕರ ಜೊತೆ ಜಗಳ, ನಿನ್ನ ಸಕ್ಕರೆ, ನನ್ನ ತಲೆನೋವು. ಅವಳು ಒಣಗಿದ ಸೀರೆ ಮಡಚುತ್ತ ಕೇಳಿಸಿಕೊಂಡಳು. "ಭಾಳ ತೆರದ್ರ ಟಾಕಿ ಖಾಲಿ ಆಗತೈತಿ" ಎಂದಷ್ಟೇ ಹೇಳಿದಳು. ಆಗಲಿ ಬಿಡು ಎಂದು ವಾಲ್ವನ್ನು ಪೂರ್ತಿ ತೆರೆದೇ ಇಟ್ಟೆ. ಆ ದಿನ ಬಕೆಟ್ ಮೂರೇ ನಿಮಿಷದಲ್ಲಿ ತುಂಬಿತು, ಅವ್ವ ಎಂಟೂವರೆಗೆ ಉಪ್ಪಿಟ್ಟು ತಿಂದಳು. ಗೆದ್ದೆ ಎಂದುಕೊಂಡೆ. ಭಾನುವಾರ ಷವರ್ ಕೆಳಗೆ ಅರ್ಧ ಗಂಟೆ ನಿಂತೆ, ಸೋಮವಾರ ಬೆಳಿಗ್ಗೆ ವಾಷಿಂಗ್ ಮೆಷಿನ್ ಹಾಕಿ ಆಫೀಸಿಗೆ ಹೋದೆ.

ಸೋಮವಾರ ಸಂಜೆ ಬಸ್ಸಿನಲ್ಲಿ ಮಾರತ್ತಹಳ್ಳಿ ದಾಟುವುದಕ್ಕೇ ಒಂದು ಗಂಟೆ ಹಿಡಿಯಿತು. ಬೆವರಿ ಮನೆಗೆ ಬಂದು ನಲ್ಲಿ ತಿರುಗಿಸಿದರೆ ಅದು ಗೊರಗೊರ ಸದ್ದು ಮಾಡಿ ನಿಂತುಹೋಯಿತು. ಟ್ಯಾಂಕು ಖಾಲಿ. ಮಾಲೀಕರು ಟ್ಯಾಂಕು ತುಂಬಲು ಮೋಟರ್ ಹಾಕುವುದು ದಿನಕ್ಕೊಮ್ಮೆ, ಇನ್ನು ನಾಳೆ ಬೆಳಿಗ್ಗೆಯೇ. ಈಗ ಇವಳು ನಾ ಹೇಳಲಿಲ್ಲವೇ ಎನ್ನುತ್ತಾಳೆ ಎಂದು ಸಿಟ್ಟಿಗೆ ತಯಾರಾಗಿಯೇ ತಿರುಗಿದೆ. ಅವ್ವ ಮಾತ್ರ ಬಚ್ಚಲ ಮೂಲೆಯಲ್ಲಿ ತಟ್ಟೆ ಮುಚ್ಚಿಟ್ಟಿದ್ದ ಬಕೆಟ್ ಎಳೆದು ಮುಂದಿಟ್ಟಳು.

"ಮಾರಿ ತೊಳ್ಕೋ. ನಾ ಬಂದ ವಾರದಾಗೂ ಒಂದಿನ ಹಿಂಗ ನೀರ ನಿಂತಿತ್ತು. ಕೈಕಾಲಿಗೂ ನೀರಿಲ್ಲ ಅಂತ ನೀ ಹಾಸಿಗಿ ಮ್ಯಾಲ ಕುಂತು ಅತ್ತಿ. ಮರುದಿನದಿಂದ ನಾ ವಾಲ್ವ್ ಹಿಡದೆ."

ನಾನು ಅತ್ತಿದ್ದು ನನಗೆ ನೆನಪೇ ಇರಲಿಲ್ಲ. ಯಾವುದೋ ಕೆಟ್ಟ ದಿನ ಇರಬೇಕು, ಮರುದಿನವೇ ಮರೆತಿದ್ದೆ. ಅವಳು ಮರೆತಿರಲಿಲ್ಲ. ಎರಡು ತಿಂಗಳು ನಾನು ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುವ ಹೊತ್ತಿಗೆ ಅವಳು ಇಲ್ಲಿ ಖಾಲಿ ಹೊಟ್ಟೆಯಲ್ಲಿ ನನ್ನ ಸಂಜೆಯ ನೀರು ಕಾಯುತ್ತಿದ್ದಳು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಒಂದು ಮಾತು ಹೇಳಬಾರದಿತ್ತೇ ಎಂದು.

ಮರುದಿನ ಮೋಟರ್ ನಿಂತ ಕೂಡಲೇ, ವಾಲ್ವ್ ಇನ್ನೂ ಪೂರ್ತಿ ತೆರೆದೇ ಇರುವಾಗ, ಅವ್ವನ ಕೈಗೆ ಟವೆಲ್ ಕೊಟ್ಟು ಬಚ್ಚಲಿಗೆ ಕಳಿಸಿದೆ.

"ನಿನಗ ಬಸ್ ಐತಿ..."

"ಹೋಗ್ಲಿ ಬಿಡು."

ಅವಳು ಸ್ನಾನ ಮುಗಿಸಿ ಪೂಜೆಗೆ ಕೂತ ಮೇಲೆ ನಾನೇ ತಾರಸಿಗೆ ಹೋಗಿ, ಸಂಜೆಗೂ ನೀರು ಉಳಿಯಲಿ ಎಂದು ನಾಲ್ಕು ಸುತ್ತು ಎಣಿಸಿ ಬಿಗಿ ಮಾಡಿದೆ. ಆಮೇಲೆ ಬಚ್ಚಲಿನಲ್ಲಿ ಕುಳಿತು ನನ್ನ ಬಕೆಟ್ ತುಂಬುವುದನ್ನು ಕಾಯತೊಡಗಿದೆ. ಹೊರಗೆ ಅವ್ವ ನಾಷ್ಟಾಕ್ಕೆ ತಟ್ಟೆ ಇಟ್ಟುಕೊಂಡ ಸದ್ದು ಕೇಳಿಸಿತು. ಎಂಟೂ ಹತ್ತಾಗಿತ್ತು. ನನ್ನ ಬಸ್ಸು ಹೋಗಿಯಾಗಿತ್ತು.