ತೊಳೆಯಬಾರದ ಗೆರೆಗಳು

ಬೆಳಗಿನ ಐದು ಗಂಟೆ. ಆಂಧ್ರದ ಅಚ್ಯುತಾಪುರಂನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಇನ್ನೂ ಬಿಟ್ಟಿಲ್ಲ. ಹಿಂದಿನ ಬೀದಿಯ ಬಾಡಿಗೆ ಮನೆಯೊಂದರಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿದೆ. ಅದು ಒಂದೇ ಸಮನೆ ಬರುವ ಸದ್ದಲ್ಲ. ಐವತ್ತೆರಡರ ಹೇಮಾಕ್ಷಿ ಐದು ರೊಟ್ಟಿ ಬಡಿಯುತ್ತಾರೆ, ಗೋಡೆಗೆ ಒರಗಿ ಉಸಿರು ತೆಗೆದುಕೊಳ್ಳುತ್ತಾರೆ, ಮತ್ತೆ ಹಿಟ್ಟಿಗೆ ಕೈ ಹಾಕುತ್ತಾರೆ. ಬಡಿಯುವುದೆಲ್ಲ ಬಲಗೈ. ಎಡ ಸ್ತನವನ್ನು ತೆಗೆಯುವಾಗ ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಎಡಗೈಗೆ ಬಿಸಿ ತಾಗಬಾರದು, ಸುಟ್ಟರೆ ಬಾತುಕೊಳ್ಳುತ್ತದೆ. ಹಾಗಾಗಿ ಹಂಚಿನ ಮುಂದೆ ಪಕ್ಕದ ಮನೆಯ ಹೈಮಾವತಿ ಕೂತಿದ್ದಾರೆ. ತೆಲುಗಿನವರು, ಇಲ್ಲಿ ರೊಟ್ಟಿ ಸುಡುತ್ತಲೇ ಕನ್ನಡ ಕಲಿತವರು.

“ಅಕ್ಕಾ, ಇದು ರೊಟ್ಟಿನಾ, ಆಂಧ್ರಾ ಮ್ಯಾಪಾ?”

“ತಿನ್ನಾವ್ರು ಮ್ಯಾಪ್ ನೋಡಂಗಿಲ್ಲ. ಸುಮ್ನ ಸುಡವಾ ನೀ.”

ಯಲಬುರ್ಗಾ ಕಡೆಯ ಹಳ್ಳಿಯಿಂದ ಹೇಮಾಕ್ಷಿ ಇಲ್ಲಿಗೆ ಬಂದು ಹನ್ನೊಂದು ವರ್ಷವಾಗಿದೆ. ಗಂಡ ಇಂದುಧರ ಔಷಧಿ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಅನ್ನ, ಬೇಳೆಯ ಪಪ್ಪು ತಿಂದು ಬೇಸತ್ತ ಕರ್ನಾಟಕದ ಕೆಲಸಗಾರರಿಗೆಂದು ಶುರುವಾದ ರೊಟ್ಟಿ ದಿನಕ್ಕೆ ನೂರೈವತ್ತರವರೆಗೂ ಹೋಗಿತ್ತು. ಈಗ ಅರವತ್ತಕ್ಕೇ ತೋಳು ಸೋಲುತ್ತದೆ.

ಎದೆಯಲ್ಲಿ ಕ್ಯಾನ್ಸರಿನ ಗಂಟು ಕಂಡದ್ದು ಹೋದ ವರ್ಷ. ನಾದಿನಿ ಮಂಗಳಾಗೌರಿ ವಿಜಯವಾಡದ ಒನ್ ಟೌನ್‌ನಲ್ಲಿ ಇರುವುದರಿಂದ ಶಸ್ತ್ರಚಿಕಿತ್ಸೆ, ಕಿಮೋ ಎರಡೂ ಅಲ್ಲೇ ಆದವು. ಕೆಳಗೆ ಮೆಣಸಿನಕಾಯಿಯ ಸಗಟು ಅಂಗಡಿ, ಮೇಲೆ ಮನೆ. ಮೂಟೆ ಇಳಿಸಿದಾಗಲೆಲ್ಲ ಘಾಟು ಮೆಟ್ಟಿಲು ಹತ್ತಿ ಬರುತ್ತಿತ್ತು. “ಕಿಮೋ ವಾಂತಿ ಯಾವುದು, ಮೆಣಸಿನಕಾಯಿ ಕೆಮ್ಮು ಯಾವುದು, ನನಗ ತಿಳೀವಲ್ದಾಗಿತ್ತರಿ. ಓಣಿ ಹೆಣ್ಣುಮಕ್ಕಳು ಇಂದ್ರಕೀಲಾದ್ರಿ ಗುಡ್ಡ ಹತ್ತಿ ದೇವಿ ಕುಂಕುಮ ತಂದು ಕೊಡೋರು. ಕಣ್ಣಿಗೊತ್ತಿಕೊಂಡೆ. ಲಿಂಗ ನಂದು, ಅಂತಃಕರಣ ಅವರದು.”

ಉಳಿದದ್ದು ವಿಕಿರಣ ಚಿಕಿತ್ಸೆ. ಜನರ ಬಾಯಲ್ಲಿ ಅದು ‘ಕರೆಂಟು’. ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ಇಪ್ಪತ್ತೈದು ಸಿಟ್ಟಿಂಗ್, ವಾರಕ್ಕೆ ಐದು. ಹೋಗಲು ಒಂದೂವರೆ ಗಂಟೆ ಬಸ್ಸು, ಬರಲು ಅಷ್ಟೇ. ಮಷೀನಿನ ಕೆಳಗೆ ಮಲಗುವುದು ಹತ್ತು ನಿಮಿಷ. ಎಂಟನೇ ವರ್ಷದಲ್ಲಿ ದೀಕ್ಷೆಯಾದಾಗಿನಿಂದ, ಪೂಜೆಯ ಹೊತ್ತು ಮತ್ತು ಶಸ್ತ್ರಚಿಕಿತ್ಸೆಯ ದಿನ ಬಿಟ್ಟರೆ, ಇಷ್ಟಲಿಂಗ ಅವರ ಎದೆಯ ಮೇಲಿನಿಂದ ಇಳಿದಿರಲಿಲ್ಲ. ಮೊದಲ ದಿನ ಟೆಕ್ನಿಷಿಯನ್ ಉಷಶ್ರೀ ಕೊರಳಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ತೆಗೆದಿಡಿ ಎಂದಾಗ ಹೇಮಾಕ್ಷಿ ಬಾಗಿಲಿನಲ್ಲೇ ನಿಂತುಬಿಟ್ಟರು. ಉಷಶ್ರೀ ಡಾಕ್ಟರನ್ನು ಕೇಳಿ ಬಂದರು. ಹೇಗೂ ಎರಡೂ ಕೈ ತಲೆಯ ಮೇಲೆ ಚಾಚಿ ಮಲಗಬೇಕು. ಬೆಳ್ಳಿ ಹೊರಗಿರಲಿ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದುಕೊಳ್ಳಲಿ ಎಂದಾಯಿತು.

ಅಡ್ಡಿ ಬಂದದ್ದು ಬೇರೆ ಕಡೆಯಿಂದ. ಕರೆಂಟು ಎಲ್ಲಿ ಬೀಳಬೇಕೆಂದು ಎದೆಯ ಮೇಲೆ ನೇರಳೆ ಬಣ್ಣದ ಗೆರೆಗಳನ್ನು ಎಳೆದಿದ್ದರು. ಅಲ್ಲಿ ನೀರು ತಾಗಿಸಬಾರದು ಎಂದೂ ಹೇಳಿದ್ದರು. ಮೂರು ದಿನ ಹೇಮಾಕ್ಷಿ ಅರೆಮನಸ್ಸಿನಲ್ಲಿ, ಅರೆಜಳಕದಲ್ಲೇ ಪೂಜೆ ಮಾಡಿ ತಡೆದರು. ನಾಲ್ಕನೆಯ ದಿನ ಸೋಮವಾರ. ತಲೆಯ ಮೇಲಿನಿಂದ ನೀರು ಹಾಕಿಕೊಂಡು, ಕಡಲೆಹಿಟ್ಟಿನಲ್ಲಿ ಮೈಯುಜ್ಜಿ, ತೃಪ್ತಿಯಿಂದ ಪೂಜೆಗೆ ಕೂತರು. ಆಸ್ಪತ್ರೆಯಲ್ಲಿ ಸೆರಗು ಸರಿಸಿದರೆ ಗೆರೆಯೇ ಇಲ್ಲ!

“ಅಯ್ಯೋ, ಗೀತಲು ಏವಮ್ಮಾ?” ಗೆರೆಗಳೆಲ್ಲಿ ಎಂದು ಉಷಶ್ರೀ ಹಣೆಗೆ ಕೈ ಹಚ್ಚಿದರು.

“ಪೆನ್ನಿಂದು ಅಲ್ಲೇನ್ರಿ, ಮತ್ತ ಎಳೀರಿ ಅಂದೆ. ಅದು ರಂಗೋಲಿ ಅಲ್ಲಮ್ಮಾ ಅಂದ್ಲು ಆ ಹುಡುಗಿ.”

ಮತ್ತೆ ಸ್ಕ್ಯಾನ್, ಮತ್ತೆ ಅಳತೆ. ನಾಲ್ಕು ಸಿಟ್ಟಿಂಗ್ ತಪ್ಪಿದವು. ಇಂಥ ಚಿಕಿತ್ಸೆಯಲ್ಲಿ ನಡುವೆ ಬಿಡುವು ಒಳ್ಳೆಯದಲ್ಲ ಎಂದು ಡಾಕ್ಟರ್ ಗದರಿದರು. ಹೊಸ ಗೆರೆಗಳೊಂದಿಗೆ ಹೇಮಾಕ್ಷಿ ಮನೆಗೆ ಬಂದರು, ಊಟ ಬಿಟ್ಟರು. ಪೂಜೆಯಿಲ್ಲದೆ ತುತ್ತು ಮುಟ್ಟಿದವರಲ್ಲ. ಸೋಮವಾರದ ಆ ಜಳಕದ ಮೇಲೆ, ಮೈ ಪೂರ್ತಿ ತೊಳೆಯದೆ ಪೂಜೆಗೆ ಕೂರಲು ಇನ್ನು ಮನಸ್ಸು ಒಪ್ಪದು. ಎರಡು ದಿನ ಬರೀ ನೀರು. ಮೂರನೆಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಕುಸಿದರು. ತೂಕ ಹೀಗೇ ಇಳಿದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ ಎಂಬ ಮಾತು ಬಂತು.

“ಅಷ್ಟ ದೊಡ್ಡ ಮಷೀನಿಗೆ ಅಂಜಲಿಲ್ಲ ಈಕಿ, ಒಂದ ಬಕೀಟ ನೀರಿಗೆ ಅಂಜಿದ್ಲು ನೋಡ್ರಿ,” ಎನ್ನುತ್ತಾರೆ ಇಂದುಧರ. ನಗುತ್ತಾರೆ, ಆದರೆ ಆ ದಿನ ನಕ್ಕಿರಲಿಲ್ಲವಂತೆ.

ಅವತ್ತು ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದಾಗ ಹೇಮಾಕ್ಷಿಗೆ ತಾಯಿಯ ನೆನಪಾಯಿತು. “ನನ್ನ ತಮ್ಮ ಹುಟ್ಟಿದಾಗ ಅವ್ವ ಬಾಣಂತಿ ಹೊರಸಿನ ಮ್ಯಾಲ ಕುಂತ ಪೂಜಿ ಮಾಡತಿದ್ಲು. ಎದ್ದು ಜಳಕ ಮಾಡೂ ತ್ರಾಣಿಲ್ಲ, ಜ್ವರ. ಯವ್ವಾ, ಹಿಂಗ ನಡೀತೈತೇನ ಅಂತ ಕೇಳಿದ್ದೆ. ಲಿಂಗಕ್ಕ ಸೂತಕ ಇಲ್ಲಬೇ ಹುಚ್ಚಿ ಅಂದಿದ್ಲು. ನಲವತ್ತ ವರ್ಷ ಆ ಮಾತು ಎಲ್ಲಿ ಇಟ್ಟಿದ್ನೋ! ಬಾಣಂತಿಗೆ ಇಲ್ಲದ್ದು ನನಗ್ಯಾಕ್ರಿ?”

ಮರುದಿನ ಕೈಕಾಲು ಮುಖ ತೊಳೆದು, ಒದ್ದೆ ಬಟ್ಟೆಯಲ್ಲಿ ಬೆನ್ನು ಒರೆಸಿಕೊಂಡು, ಗೆರೆಗಳನ್ನು ಹಾಗೇ ಬಿಟ್ಟು ಪೂಜೆಗೆ ಕೂತರು. ಆಮೇಲೆ ಎರಡು ರೊಟ್ಟಿ ತಿಂದರು.

ಇಂದು ಹದಿನಾರನೆಯ ಸಿಟ್ಟಿಂಗ್. ಹಣೆಗೆ ವಿಭೂತಿ ಹಚ್ಚಿಕೊಂಡು, ಅರವತ್ತು ರೊಟ್ಟಿ ಡಬ್ಬಿಗಳಿಗೆ ಹೋದ ಮೇಲೆ ಬಸ್ಸು ಹತ್ತುತ್ತಾರೆ, ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾರೆ. ಎದೆಯ ಚರ್ಮ ಕಪ್ಪಾಗಿದೆ, ಕಂಕುಳಲ್ಲಿ ಉರಿ. ನುಂಗುವಾಗಲೂ ನೋವು. “ಸುಸ್ತು ಅನ್ನೂದು ಈಗ ನಮ್ಮನಿ ಮಂದಿ ಆಗೇತಿ. ಅದನ್ನೂ ಕರಕೊಂಡ ಹೋಗ್ತೀನಿ, ಕರಕೊಂಡ ಬರ್ತೀನಿ.” ನಡುಮನೆಯ ಕ್ಯಾಲೆಂಡರಿನಲ್ಲಿ ಇಂದಿನದು ಬಿಟ್ಟು ಇನ್ನೂ ಒಂಬತ್ತು ದಿನಗಳಿಗೆ ಗುರುತು ಹಾಕಬೇಕು.

ಮುಗಿದ ಮೇಲೆ ಏನು ಆಸೆ ಎಂದು ಕೇಳಿದರೆ ಊರು, ಜಾತ್ರೆ ಯಾವುದನ್ನೂ ಹೇಳುವುದಿಲ್ಲ.

“ಚರ್ಮ ಮಾಗಾಕ ಇನ್ನೊಂದ ತಿಂಗಳು ಅಂದಾರ. ಆಮ್ಯಾಲ ಒಂದ ಹಂಡೆ ನೀರು ಕಾಸಿ, ತಲಿ ಮ್ಯಾಲಿಂದ ಸುರಕೋಬೇಕ್ರಿ.” ಸೆರಗು ಸರಿಪಡಿಸಿಕೊಂಡು ಸೇರಿಸುತ್ತಾರೆ: “ಲಿಂಗಕ್ಕಲ್ಲ. ನನಗ.”