ಆಡದ ಪಂದ್ಯದ ಗೋಲು

ಹತ್ತು ಹನ್ನೆರಡು ವರ್ಷದ ಹಿಂದೆ ನಾನು ಗಲ್ಫಿನ ಅಲ್ ಐನ್ ಎಂಬ ಊರಿನ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಅಲ್ಲೊಬ್ಬ ಅಮೆರಿಕನ್ ಪ್ರೊಫೆಸರಿಗೆ ನಿವೃತ್ತಿ ಹತ್ತಿರವಾದಂತೆ ತನ್ನ ಅಜ್ಜನ ಕಥೆ ಕೆದಕುವ ಹುಚ್ಚು ಹಿಡಿಯಿತು. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ಉಕ್ಕಿನ ಕಾರ್ಖಾನೆಯೊಂದರ ಫುಟ್‌ಬಾಲ್ ತಂಡ ಹಡಗು ಹತ್ತಿ ಸ್ವೀಡನ್ನಿಗೆ ಆಡಲು ಹೋಗಿತ್ತಂತೆ, ಅಜ್ಜ ಅದರಲ್ಲಿದ್ದನಂತೆ. ಹೆಸರಿಗೆ ಅಮೆರಿಕದ ತಂಡ, ಹಲವರು ಸ್ಕಾಟ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು. ಅಜ್ಜ ಅಲ್ಲಿಂದ ಹೆಂಡತಿಗೆ ಬರೆದ ಕಾಗದಗಳನ್ನು ಟೈಪ್ ಮಾಡುವ ಕೆಲಸ ನನಗೆ ಗಂಟುಬಿತ್ತು. ಸಂಜೆ ಮನೆಯಲ್ಲಿ ಕಾಯುವವರಿಲ್ಲದವನನ್ನು ಇಂಥ ಕೆಲಸಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಮಗನನ್ನು ಮಂಗಳೂರಿನ ಶಾಲೆಗೆ ಸೇರಿಸಿದ ಮೇಲೆ ಹೆಂಡತಿಯೂ ಅವನ ಜೊತೆ ಅಲ್ಲೇ ಇದ್ದಳು.

ಕಾಗದಗಳದ್ದೆಲ್ಲ ಒಂದೇ ರಾಗ. ಊಟ ಚೆನ್ನಾಗಿದೆ, ಗೆದ್ದೆವು, ಒಂದು ಗೋಲು ನನ್ನದು. ಆದರೆ ಪ್ರೊಫೆಸರು ತರಿಸಿದ ಹಳೆಯ ಪತ್ರಿಕೆಗಳಲ್ಲಿ ಆಡಿದವರ ಪಟ್ಟಿ ಇತ್ತು, ಅಜ್ಜನ ಹೆಸರು ಒಂದರಲ್ಲೂ ಇರಲಿಲ್ಲ. ಪತ್ರಿಕೆಯವರೇ ತಪ್ಪು ಬರೆದಿರಬೇಕು ಎಂದು ಅವರು ವಾದಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳದೆ ತಲೆ ತಗ್ಗಿಸಿ ಟೈಪ್ ಮಾಡಿದೆ.

ಅಲ್ಲಿ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ನಮ್ಮ ಕರಾವಳಿಯವರು ಊರಿಗೊಂದು ತಂಡ ಕಟ್ಟಿ ಫುಟ್‌ಬಾಲ್ ಆಡುತ್ತಿದ್ದರು. ಮೊಣಕಾಲು ಕೈಕೊಡುವವರೆಗೆ ನಾನೂ ಆಡಿದೆ. ಆಮೇಲೆ ಕೆಲವು ವಾರ ಜೆರ್ಸಿಯ ಚೀಲ ಹೊತ್ತು ಹೋದೆ. ಬದಿಯಲ್ಲಿ ಕೂತವನನ್ನು ಮಾತಾಡಿಸುವವರು ಕಡಿಮೆಯಾದರು. ಸಿಟ್ಟು ಬಂದು ಹೋಗುವುದನ್ನೇ ಬಿಟ್ಟೆ. ಆದರೆ ಸಂಜೆ ಫೋನಿನಲ್ಲಿ ಮಗ ಕೇಳುತ್ತಿದ್ದದ್ದು ಪಂದ್ಯದ ಸುದ್ದಿಯೊಂದನ್ನೇ. ಬೇರೆ ಏನು ಕೇಳಿದರೂ ಹೂಂ, ಊಹೂಂ ಎಂದು ಅಮ್ಮನಿಗೆ ಫೋನು ಕೊಡುತ್ತಿದ್ದ. ಅದೂ ಹೋದರೆ ನಮ್ಮಿಬ್ಬರ ನಡುವೆ ಮಾತೇ ಇಲ್ಲವಾಗುತ್ತದೆಂದು ಹೆದರಿದೆ. ಎರಡು ವರ್ಷ ವಾರಕ್ಕೊಂದು ಪಂದ್ಯ ಹುಟ್ಟಿಸಿದೆ. ಅನುಮಾನ ಬಾರದಿರಲೆಂದು ಆಗಾಗ ಸೋತೆ ಕೂಡ.

ಒಂದು ದಿನ ಪ್ರೊಫೆಸರು ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಕಟ್ಟಿಕೊಂಡ ಹೆಂಡತಿಗೆ ಗಂಡಸೊಬ್ಬ ಇಂಥ ಸುಳ್ಳು ಯಾಕೆ ಬರೆಯುತ್ತಾನೆ ಎಂದು ಕೇಳಿದರು. ಅವರ ಮುಖ ನೋಡಿ ತಡೆಯಲಾಗಲಿಲ್ಲ. ಅಜ್ಜ ಬಹುಶಃ ಆಟಗಾರರ ಅಂಗಿ ಹೊತ್ತಿರಬೇಕು, ಬರೆಯಲು ಬೇರೆ ಏನೂ ಇದ್ದಿರಲಿಕ್ಕಿಲ್ಲ ಎಂದೆ. ನಿನಗೆ ಹೇಗೆ ಗೊತ್ತು ಎಂದರು. ಹೇಳಿದೆ. ಅವರು ಕಾಗದಗಳನ್ನು ಒಂದೊಂದಾಗಿ ಮಡಚಿಟ್ಟರು. ಆಮೇಲೆ, ಅಜ್ಜಿಗೆ ಕೊನೆಯವರೆಗೂ ಆತ ನಿಜ ಹೇಳಲಿಲ್ಲ, ನಿನ್ನ ಮಗ ಇನ್ನೂ ಫೋನು ಎತ್ತುತ್ತಿದ್ದಾನಲ್ಲ ಎಂದರು.

ಆ ಶುಕ್ರವಾರ ಮಗ ಎಷ್ಟು ಗೋಲು ಎಂದು ಕೇಳಿದ ಕೂಡಲೇ ಎಲ್ಲ ಹೇಳಿಬಿಟ್ಟೆ. ಅಮ್ಮನಿಗೆ ಫೋನು ಕೊಟ್ಟೇಬಿಡುತ್ತಾನೆ ಎಂದುಕೊಂಡೆ.

"ಹಾಗಾದ್ರೆ ಶುಕ್ರವಾರ ಇಡೀ ದಿನ ನೀವೊಬ್ರೇ ಎಂತ ಮಾಡ್ತೀರಿ ಪಪ್ಪಾ?" ಎಂದ.

ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕುರ್ಚಿ ಎಳೆದು ಕೂತು, ಎಲ್ಲಿಂದ ಶುರುಮಾಡುವುದೆಂದು ಹುಡುಕಿದೆ. ಅವನು ಫೋನು ಇಡದೆ ಕಾದ.